ಹಳೆಯ ಜೀಪ್ ಪಿಕಪ್: ಎಂಜಿನ್ ಆಯ್ಕೆ ಮತ್ತು ಜೋಡಣೆ

ವಿಲ್ಲಿಸ್ ವಿನ್ಯಾಸದ ಹಳೆಯ ಮಹೀಂದ್ರ ಪಿಕಪ್‌ಗಳನ್ನು ಮತ್ತೆ ಓಡುವಂತೆ ಮಾಡುವಾಗ ಮೊದಲು ತೀರ್ಮಾನಿಸಬೇಕಾದದ್ದು ಎಂಜಿನ್. ಮೂಲದ್ದು ಸುಮಾರು 2.2 ಲೀಟರಿನ, ನಾಲ್ಕು ಸಿಲಿಂಡರಿನ 'ಹರಿಕೇನ್' ಪೆಟ್ರೋಲ್ ಎಂಜಿನ್. ಇಂಧನ ಖರ್ಚಿಗೆ ಅಂಜಿದವರು ಡೀಸೆಲ್ ಕೂರಿಸುತ್ತಾರೆ. ಮಹೀಂದ್ರ ಜೀಪುಗಳಲ್ಲೇ ಮುಂದೆ ಬಂದ 2.1 ಲೀಟರಿನ ಪ್ಯೂಜೋ ಎಂಜಿನ್ ಇದಕ್ಕೆ ಹತ್ತಿರದ ಆಯ್ಕೆ.

ಡೀಸೆಲ್‌ಗೆ ತೂಕವೂ ಹೆಚ್ಚು, ನಡುಕವೂ ಹೆಚ್ಚು. ಮೌಂಟಿಂಗ್ ಹೊಸದಾಗಿ ಬೆಸೆಯಬೇಕು, ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಬೇಕು. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ನೇರಕ್ಕೆ ಬರದಿದ್ದರೆ ಕ್ಲಚ್ ಪ್ಲೇಟು ಬೇಗ ಸವೆದು ಬೇರಿಂಗ್ ಕೂಗತೊಡಗುತ್ತದೆ. ಗ್ಯಾರೇಜುಗಳಲ್ಲಿ ಅವಸರಕ್ಕೆ ಬಲಿಯಾಗುವುದು ಬಹುಪಾಲು ಈ ಅಳತೆಯೇ. ಡೀಸೆಲ್ ಕಡಿಮೆ ಸುತ್ತಿನಲ್ಲಿ ದುಡಿಯುವುದರಿಂದ ಡಿಫರೆನ್ಷಿಯಲ್ ಹಲ್ಲಿನ ಲೆಕ್ಕವನ್ನೂ ನೋಡಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಹಳೆಯ ರೇಡಿಯೇಟರನ್ನೇ ಉಳಿಸಿಕೊಳ್ಳುವುದು ಸುಳ್ಳು ಉಳಿತಾಯ. ಹತ್ತಿ ಹೊಲಗಳ ಎರೆಮಣ್ಣಿನ ದೂಳಿಗೆ ಏರ್ ಫಿಲ್ಟರೂ ದೊಡ್ಡದಿರಲಿ.

ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನನ್ವಯ ಆರ್‌ಟಿಒ ಅನುಮತಿ ಬೇಕು. ಯಾದಗಿರಿ ಕಚೇರಿಯ ನೋಂದಣಿ ಸಂಕೇತ ಕೆಎ-33. 2021ರ ವಿಂಟೇಜ್ ನಿಯಮದ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ಮಾತ್ರ. ಡೀಸೆಲ್ ಕೂರಿಸಿದ ಪಿಕಪ್ ಆ ಸಾಲಿಗೆ ಸೇರುವುದಿಲ್ಲ.