ಐಡ್ಲಿಂಗ್ ಟ್ಯೂನಿಂಗ್: ಮೈಸೂರು–ಮಂಡ್ಯ ಸೀಮೆಯ ಹಿನ್ನೆಲೆಯಲ್ಲಿ

ಆಕ್ಸಿಲರೇಟರ್ ತುಳಿಯದೆ, ಗಾಡಿ ನ್ಯೂಟ್ರಲ್‌ನಲ್ಲಿರುವಾಗ ಎಂಜಿನ್ ಬಂದ್ ಆಗದೆ ತಾನಾಗಿ ತಿರುಗುತ್ತಿರುವುದಕ್ಕೆ ಐಡ್ಲಿಂಗ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಇದನ್ನೇ ‘ಸ್ಲೋ ಸ್ಪೀಡ್’ ಎನ್ನುವುದುಂಟು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಇದು ನಿಮಿಷಕ್ಕೆ 700ರಿಂದ 900 ಸುತ್ತು. ಗಾಳಿ, ಪೆಟ್ರೋಲ್, ಕಿಡಿ ಮೂರನ್ನೂ ಹೊಂದಿಸಿ ಈ ಓಟವನ್ನು ಸಮವಾಗಿ ಇರಿಸುವ ಕೆಲಸವೇ ಐಡ್ಲಿಂಗ್ ಟ್ಯೂನಿಂಗ್. ಕಂಪನಿಯಿಂದ ಬಂದ ಎಂಜಿನ್ನಿಗೆ ಇದು ಸಣ್ಣ ಕೆಲಸ. ಕ್ಯಾಮ್‌ಶಾಫ್ಟ್, ಕಾರ್ಬುರೇಟರ್, ಸೈಲೆನ್ಸರ್ ಬದಲಾಯಿಸಿದ ಎಂಜಿನ್ನಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಓಡುವಾಗ ಗಾಳಿಯಂತೆ ಓಡುವ ಗಾಡಿ ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಕೆಮ್ಮಿ ನಿಂತುಹೋಗುತ್ತದೆ.

ಕಷ್ಟ ಏಕೆ ಎಂಬುದು ಎಂಜಿನ್ ಗಾಳಿ ಎಳೆದುಕೊಳ್ಳುವ ರೀತಿಯಲ್ಲಿದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಕವಾಟ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನ ವಾತಾವರಣದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಸೈಲೆನ್ಸರ್ ಕಡೆ ಮಾತ್ರ ವಾತಾವರಣದ ಪೂರ್ಣ ಒತ್ತಡವಿರುತ್ತದೆ. ಇನ್ಲೆಟ್ ವಾಲ್ವ್ ತೆರೆದು ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚದಿರುವ ಆ ಕ್ಷಣದಲ್ಲಿ ಸುಟ್ಟ ಹೊಗೆ ಹಿಂದಕ್ಕೆ ಸಿಲಿಂಡರಿಗೆ, ಅಲ್ಲಿಂದ ಮ್ಯಾನಿಫೋಲ್ಡಿಗೆ ನುಗ್ಗುತ್ತದೆ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಈ ಅವಧಿಗೆ ಓವರ್‌ಲ್ಯಾಪ್ ಎನ್ನುತ್ತಾರೆ. ರಸ್ತೆ ಕಾರುಗಳಲ್ಲಿ ಅದು ಸುಮಾರು 20–30 ಡಿಗ್ರಿ. ಸ್ಪರ್ಧೆಗೆಂದು ಕೊರೆದ ಕ್ಯಾಮ್‌ನಲ್ಲಿ 60–80 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊಗೆ ಬೆರೆತ ಮಿಶ್ರಣ ಒಂದು ಸಲ ಹೊತ್ತಿಕೊಳ್ಳುತ್ತದೆ, ಮುಂದಿನ ಸಲ ಹೊತ್ತುವುದಿಲ್ಲ. ಹೊತ್ತದೆ ಹೋದ ಸಲ ಒಳಗೆ ತಾಜಾ ಗಾಳಿಯೇ ಉಳಿಯುವುದರಿಂದ ಅದರ ಮುಂದಿನ ಸಲ ಜೋರಾಗಿ ಹೊತ್ತುತ್ತದೆ. ಮಾರ್ಪಡಿಸಿದ ಕಾರುಗಳ ಆ ಡುಗುಡುಗು ಸದ್ದು ಹುಟ್ಟುವುದು ಹೀಗೆ. ಅದನ್ನು ಶಕ್ತಿಯ ಲಕ್ಷಣವೆಂದು ಹೆಮ್ಮೆಯಿಂದ ಕೇಳಿಸುವವರಿದ್ದಾರೆ. ನಿಜದಲ್ಲಿ ಅದು ಮೇಲಿನ ಸುತ್ತುಗಳ ಶಕ್ತಿಗಾಗಿ ಕೆಳಗಿನ ಸುತ್ತುಗಳಲ್ಲಿ ತೆತ್ತ ಬೆಲೆ.

ಕಾರ್ಬುರೇಟರ್ ಕಾಲ

1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ ರೂಪಿಸಿದ ಫ್ಲೋಟ್ ಇರುವ ಕಾರ್ಬುರೇಟರಿನಿಂದ ಈ ಚರಿತ್ರೆಯನ್ನು ಆರಂಭಿಸಬಹುದು. ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಯೊಳಗೆ ಸಿಂಪಡಿಸುವ ಆ ವಿಧಾನಕ್ಕೆ ಗಾಳಿಯ ರಭಸ ಬೇಕು. ಐಡ್ಲಿಂಗ್‌ನಲ್ಲಿ ಇಲ್ಲದಿರುವುದು ಅದೇ. ಆದ್ದರಿಂದ ಥ್ರಾಟಲ್ ಕವಾಟದ ಅಂಚಿನ ಬಳಿ ಪೈಲಟ್ ಜೆಟ್ ಎಂಬ ಪ್ರತ್ಯೇಕ ಕಿರುದಾರಿ ಬಂತು. ಜೊತೆಗೆ ಎರಡು ಸ್ಕ್ರೂ ಬಂದವು. ಒಂದು ಥ್ರಾಟಲನ್ನು ಎಷ್ಟು ತೆರೆದಿಡಬೇಕೆಂದು ನಿಶ್ಚಯಿಸುತ್ತದೆ, ಇನ್ನೊಂದು ಮಿಶ್ರಣ ಎಷ್ಟು ಗಾಢವಾಗಿರಬೇಕೆಂದು. ಮುಂದಿನ ಸುಮಾರು ನೂರು ವರ್ಷ ಸ್ಲೋ ಸ್ಪೀಡ್ ಎಂದರೆ ಈ ಎರಡು ಸ್ಕ್ರೂಗಳೇ.

 ಸ್ವಂತ ಕಾರು ಅಪರೂಪವಾಗಿದ್ದ ದಶಕಗಳಲ್ಲಿ ಮೈಸೂರು–ಮಂಡ್ಯ ಸೀಮೆಯ ಮೆಕ್ಯಾನಿಕ್ಕುಗಳ ಕೈಗೆ ಬರುತ್ತಿದ್ದುದು ದೇಶದ ಉಳಿದ ಕಡೆಯಂತೆ ಮುಖ್ಯವಾಗಿ ಎರಡೇ ಕಾರು: 1489 ಸಿಸಿ ಎಂಜಿನ್ನಿನ ಅಂಬಾಸಿಡರ್ ಮತ್ತು 1089 ಸಿಸಿ ಎಂಜಿನ್ನಿನ ಫಿಯೆಟ್, ಅಂದರೆ ಮುಂದಿನ ಪ್ರೀಮಿಯರ್ ಪದ್ಮಿನಿ. ಕಾರ್ಬುರೇಟರಿಗೆ ಕೈಹಾಕುವ ಮೊದಲು ಟ್ಯಾಪೆಟ್ ಸಂದು, ಪಾಯಿಂಟ್ ಸಂದು, ಡೆಲ್ಕೋ (ಡಿಸ್ಟ್ರಿಬ್ಯೂಟರ್) ತಿರುಗಿಸಿ ಟೈಮಿಂಗ್, ಪ್ಲಗ್ ಸಂದು, ಈ ಕ್ರಮದಲ್ಲಿ ಮುಗಿಸಬೇಕು ಎಂಬುದು ಆಗಿನ ಒಳ್ಳೆಯ ಕೈಗಳ ನಿಯಮ. ಆಮೇಲೆ ಎಂಜಿನ್ ಬಿಸಿಯಾದ ಮೇಲಷ್ಟೇ ಮಿಶ್ರಣದ ಸ್ಕ್ರೂ. ಅದನ್ನು ಒಳಕ್ಕೆ ತಿರುಗಿಸುತ್ತ ಹೋದರೆ ಎಂಜಿನ್ ತಡವರಿಸುತ್ತದೆ, ಹೊರಕ್ಕೆ ತಿರುಗಿಸುತ್ತ ಹೋದರೆ ಭಾರವಾಗಿ ಕಪ್ಪು ಹೊಗೆ ಬಿಡುತ್ತದೆ. ಎರಡರ ನಡುವೆ ಸುತ್ತು ತಾನಾಗಿ ಏರುವ ಜಾಗ ಸಿಕ್ಕರೆ ಅದೇ ಸರಿ. ಹಾಗೆ ಏರಿದ ಸುತ್ತನ್ನು ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮತ್ತೆ ಮಿಶ್ರಣ ನೋಡಿ, ಮತ್ತೆ ಇಳಿಸಿ. ಮೀಟರ್ ಇಲ್ಲದೆ ಕಿವಿಯಿಂದಲೇ ನಡೆಯುತ್ತಿದ್ದ ಈ ಕೆಲಸ ಇಂದಿಗೂ ತಪ್ಪಿಲ್ಲದ ವಿಧಾನ. ಕಿವಿ ಒಪ್ಪದ ಕಡೆ ವ್ಯಾಕ್ಯೂಮ್ ಗೇಜ್ ಇತ್ತು. ಆರೋಗ್ಯವಂತ ಎಂಜಿನ್‌ನಲ್ಲಿ ಮುಳ್ಳು 17ರಿಂದ 21 ಅಂಗುಲ ಪಾದರಸದ ನಡುವೆ ಅಲುಗಾಡದೆ ನಿಲ್ಲುತ್ತದೆ. ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್ ಹಾಕಿದ ಎಂಜಿನ್‌ನಲ್ಲಿ ಅದು 10–14ಕ್ಕೆ ಇಳಿದು ನಡುಗುತ್ತದೆ. ಅದನ್ನು ಸೋರಿಕೆಯೆಂದು ತಿಳಿದು ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಾಯಿಸಿದರೆ ಪ್ರಯೋಜನವಿಲ್ಲ.

ಅಂಬಾಸಿಡರಿನ ಹಳೆಯ ಮಾದರಿಗಳಲ್ಲಿ ಡೈನಮೊ ಇದ್ದುದರಿಂದ ಸ್ಲೋ ಸ್ಪೀಡ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಕೆಂಪು ದೀಪ ಮಿನುಗುತ್ತಿತ್ತು. ಮೈಲೇಜ್ ಆಸೆಗೆ ಸ್ಲೋ ಸ್ಪೀಡ್ ತೀರ ಇಳಿಸಿದವರ ಬ್ಯಾಟರಿ ರಾತ್ರಿ ಪ್ರಯಾಣದಲ್ಲಿ ಕೈಕೊಡುತ್ತಿದ್ದುದು ಇದರಿಂದ. ಆಲ್ಟರ್ನೇಟರ್ ಬಂದ ಮೇಲೆ ಆ ತೊಂದರೆ ಹೋಯಿತು, ಆಸೆ ಹೋಗಲಿಲ್ಲ. ಸದ್ದಿಗಾಗಿ ಬುಲೆಟ್ಟಿನ ಸುತ್ತು ಇಳಿಸುವವರು ಈಗಲೂ ಇದ್ದಾರೆ. ಸುತ್ತು ಇಳಿದಷ್ಟೂ ಆಯಿಲ್ ಪಂಪ್ ತಳ್ಳುವ ಆಯಿಲ್ ಕಡಿಮೆಯಾಗುತ್ತದೆ.

ಎತ್ತರದ ಪ್ರಶ್ನೆಯೂ ಈ ಸೀಮೆಯ ಚಾಲಕರಿಗೆ ಹತ್ತಿರದ್ದು. ಶ್ರೀರಂಗಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಊಟಿ 2240 ಮೀಟರ್. ಇಲ್ಲಿ ನಯವಾಗಿ ಹೊಂದಿಸಿದ ಕಾರ್ಬುರೇಟರ್ ಅಲ್ಲಿ ತೆಳುವಾದ ಗಾಳಿಗೂ ಸುಮಾರು ಅಷ್ಟೇ ಪೆಟ್ರೋಲ್ ಸುರಿಯುವುದರಿಂದ ಮಿಶ್ರಣ ಗಾಢವಾಗಿ, ಸ್ಲೋ ಸ್ಪೀಡ್ ಬಿದ್ದುಹೋಗುತ್ತದೆ. ಘಾಟಿ ಹತ್ತಿದ ಟ್ಯಾಕ್ಸಿ ಚಾಲಕ ಬಾನೆಟ್ ಎತ್ತಿ ಸ್ಕ್ರೂ ಅರ್ಧ ಸುತ್ತು ತಿರುಗಿಸುವುದು, ಇಳಿದ ಮೇಲೆ ಮರಳಿ ಹಾಗೇ ಮಾಡುವುದು ಆ ಕಾಲಕ್ಕೆ ಸಹಜ.

ಜಾವಾ, ಯೆಜ್ಡಿ

ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರ್ ದೂರದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯದ ಪರವಾನಗಿಯಡಿ ಬೈಕ್ ತಯಾರಿಸತೊಡಗಿತು. 1973ರಿಂದ ಹೆಸರು ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರಿನ ಲೇಖನದಲ್ಲಿ ಬೈಕ್ ಏಕೆ ಎನ್ನಬಹುದು. ಕಾರು ದುಬಾರಿಯಾಗಿದ್ದ ಕಾಲದಲ್ಲಿ ಸಾಮಾನ್ಯನ ಕೈಗೆಟಕುವ, ಬಿಚ್ಚಿ ಜೋಡಿಸಿ ಮಾರ್ಪಡಿಸಬಹುದಾದ ಎಂಜಿನ್ ಎಂದರೆ ಇದೇ 250 ಸಿಸಿ ಟೂ ಸ್ಟ್ರೋಕ್. ಪೋರ್ಟ್ ಕೊರೆದು ದೊಡ್ಡದು ಮಾಡುವುದು, ಹೆಡ್ ಉಜ್ಜಿ ಕಂಪ್ರೆಶನ್ ಏರಿಸುವುದು, ಸೈಲೆನ್ಸರ್ ಬದಲಾಯಿಸುವುದು ಇವೆಲ್ಲ ಅದರ ಮೇಲೆ ನಡೆದವು.

ಟೂ ಸ್ಟ್ರೋಕ್‌ಗೆ ವಾಲ್ವ್ ಇಲ್ಲ; ಹೊಗೆ ಹೊರಹೋಗುವ ದಾರಿಯೂ ಹೊಸ ಮಿಶ್ರಣ ಒಳಬರುವ ದಾರಿಯೂ ಪ್ರತಿ ಸುತ್ತಿನಲ್ಲಿ ಒಟ್ಟಿಗೆ ತೆರೆದಿರುತ್ತವೆ. ಆದ್ದರಿಂದ ಸ್ಲೋ ಸ್ಪೀಡ್‌ನಲ್ಲಿ ಸುಟ್ಟ ಹೊಗೆ ಒಳಗೇ ಉಳಿದು, ಎರಡು ಸುತ್ತಿಗೊಮ್ಮೆ, ಕೆಲವೊಮ್ಮೆ ಇನ್ನೂ ತಡವಾಗಿ ಹೊತ್ತಿಕೊಳ್ಳುವುದು ಅದರ ಹುಟ್ಟುಗುಣ. ಜಾವಾದ ಬಿಟ್ಟುಬಿಟ್ಟು ಬರುವ ಆ ಸದ್ದನ್ನು ಸರಿಪಡಿಸಲು ಹೊರಟವರಿಗೆ ಸೋಲು ಖಚಿತ. ರೇಸಿಗೆ ಕಾರು ಸಿದ್ಧಪಡಿಸುವವರು ಮುಂದೆ ದುಬಾರಿ ಕ್ಯಾಮ್ ಹಾಕಿ ಕಲಿತ ಪಾಠ ಇದೇ: ಕೆಲವು ಎಂಜಿನ್ನುಗಳಿಗೆ ನಯವಾದ ಸ್ಲೋ ಸ್ಪೀಡ್ ಎಂಬುದಿಲ್ಲ, ನಿಂತುಹೋಗದ ಸ್ಲೋ ಸ್ಪೀಡ್ ಇದೆ.

ಡೀಸೆಲ್ ದಾರಿ

ಕಬ್ಬಿನ ನಾಡಿನಲ್ಲಿ ಅತಿ ಹೆಚ್ಚು ಹೊತ್ತು ಐಡ್ಲಿಂಗ್‌ನಲ್ಲಿ ನಿಲ್ಲುವ ಎಂಜಿನ್ ಕಾರಿನದಲ್ಲ, ಟ್ರ್ಯಾಕ್ಟರಿನದು. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬು ತುಂಬಿದ ಟ್ರೇಲರ್ ಸಾಲು ಅಷ್ಟಷ್ಟೇ ಮುಂದೆ ಸರಿಯುವಾಗ ಎಂಜಿನ್ ಆರಿಸುವವರು ಕಡಿಮೆ. ಡೀಸೆಲ್‌ಗೆ ಗಾಳಿ ತಡೆಯುವ ಥ್ರಾಟಲ್ ಸಾಮಾನ್ಯವಾಗಿ ಇಲ್ಲ. ಪಂಪಿನೊಳಗಿನ ಗವರ್ನರ್ ಸುತ್ತು ಇಳಿದರೆ ಇಂಧನ ಹೆಚ್ಚಿಸುತ್ತದೆ, ಏರಿದರೆ ತಗ್ಗಿಸುತ್ತದೆ. ಗವರ್ನರ್ ಸವೆದರೆ ಸುತ್ತು ಏರುತ್ತ ಇಳಿಯುತ್ತ ತೂಗಾಡುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ ‘ಹಂಟಿಂಗ್’ ಎನ್ನುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ, 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪನಿ ದೇಶದ ಡೀಸೆಲ್ ಪಂಪು, ನಾಜಲ್ ಮತ್ತು ಸ್ಪಾರ್ಕ್ ಪ್ಲಗ್ ತಯಾರಿಕೆಗೆ ಹೆಸರಾಯಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಹಳಬರ ಬಾಯಲ್ಲಿ ಅದು ಮೈಕೊ. ಪಂಪನ್ನು ಬೆಂಚಿನ ಮೇಲಿಟ್ಟು ಅಳೆಯುವ ಅಂಗಡಿ ಬೇರೆ, ಗಾಡಿ ಬಿಚ್ಚುವ ಗ್ಯಾರೇಜ್ ಬೇರೆ ಎಂಬ ವಿಭಜನೆಯೂ ಡೀಸೆಲ್ ಜೊತೆಗೇ ಬಂತು. ಸ್ಲೋ ಸ್ಪೀಡ್ ಕಿವಿಯ ಅಧೀನ ತಪ್ಪಿ ಅಳತೆಯ ಅಧೀನಕ್ಕೆ ಹೋದುದು ಇಲ್ಲಿಂದ ಎನ್ನಬಹುದು.

ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಬೆಲೆಯ ಅಂತರದಿಂದ ಹುಟ್ಟಿದ್ದು. ಹಾಗೆ ಕೂರಿಸಿದ ಗಾಡಿಯ ಗೇರ್ ಲಿವರ್ ಸ್ಲೋ ಸ್ಪೀಡ್‌ನಲ್ಲಿ ಗಡಗಡ ನಡುಗುವುದಕ್ಕೆ ಪಂಪನ್ನು ದೂರುವವರೇ ಹೆಚ್ಚು. ಅನೇಕ ಸಲ ತಪ್ಪು ಎಂಜಿನ್ ಮೌಂಟಿಂಗ್ ರಬ್ಬರಿನದು.

ರೇಸಿನ ಕಾರುಗಳು

ದಕ್ಷಿಣ ಭಾರತದಲ್ಲಿ ಮಾರ್ಪಡಿಸಿದ ಕಾರುಗಳಿಗೆ ಶಾಲೆಯಾದದ್ದು ಮದ್ರಾಸಿನ ಹೊರಗಿನ ಶೋಳವರಂ ಎಂಬ ಯುದ್ಧಕಾಲದ ಏರ್‌ಸ್ಟ್ರಿಪ್. 1990ರಲ್ಲಿ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಅದರ ಜಾಗ ಹಿಡಿಯಿತು. ಬೆಂಗಳೂರಿನ ಟ್ಯೂನರುಗಳು ಅಲ್ಲಿಗೆ ಹೋಗಿ ಬರುತ್ತಿದ್ದರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ಇಲ್ಲಿನ ಹಳ್ಳಿದಾರಿಗಳ ಪರೀಕ್ಷೆ. ಟ್ರ್ಯಾಕಿನ ಕಾರಿಗೆ ಸ್ಲೋ ಸ್ಪೀಡ್ ಬೇಕಿಲ್ಲ. ರ‍್ಯಾಲಿ ಕಾರಿಗೆ ಬೇಕು, ಏಕೆಂದರೆ ಅದು ಹಂತಗಳ ನಡುವೆ ಸಾರ್ವಜನಿಕ ರಸ್ತೆಯಲ್ಲಿ ಓಡಬೇಕು, ಸಮಯ ಗುರುತಿಸುವ ಕಡೆ ಕಾಯಬೇಕು.

1983ರ ಕೊನೆಯಲ್ಲಿ ಬಂದ ಮಾರುತಿ 800, ಅನಂತರದ ಜಿಪ್ಸಿ ಮತ್ತು ಎಸ್ಟೀಮ್ ಈ ಲೋಕವನ್ನು ಬದಲಿಸಿದವು. 800ರದು ಮೂರು ಸಿಲಿಂಡರ್: 900 ಸುತ್ತಿನಲ್ಲಿ ಸೆಕೆಂಡಿಗೆ 22.5 ಸಲ ಹೊತ್ತುತ್ತದೆ, ನಾಲ್ಕು ಸಿಲಿಂಡರಿನದು 30 ಸಲ. ಒಂದು ಸಲ ತಪ್ಪಿದರೂ ಸ್ಟಿಯರಿಂಗ್ ಮೇಲಿಟ್ಟ ಕೈಗೆ ಗೊತ್ತಾಗುವುದು ಇದರಿಂದ. ಜೋಡಿ ಕಾರ್ಬುರೇಟರ್ ಹಾಕಿದವರು ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗೂ ಇನ್ನೊಂದನ್ನು ಪ್ರತಿಯೊಂದು ಕಾರ್ಬುರೇಟರಿನ ಬಾಯಿಗೂ ಹಿಡಿದು, ಗಾಳಿಯ ಸಿಳ್ಳು ಎರಡರಲ್ಲೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಿದ್ದರು. ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್‌ಗೆ ಮಾಡಬೇಕಾದ್ದು ಮೂರು: ಸುತ್ತನ್ನು 1000–1200ಕ್ಕೆ ಏರಿಸುವುದು, ಮಿಶ್ರಣವನ್ನು ತುಸು ಗಾಢ ಮಾಡುವುದು, ಸ್ಲೋ ಸ್ಪೀಡ್‌ನ ಕಿಡಿಯನ್ನು ಮುಂಚಿತವಾಗಿ ಕೊಡುವುದು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಹೊಗೆ ಬೆರೆತ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಕಿಡಿ ಬೇಗ ಬಿದ್ದರೆ ಥ್ರಾಟಲನ್ನು ಅಷ್ಟು ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ

ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ 1967ರಲ್ಲೂ, ಸೈಲೆನ್ಸರಿನ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ 1976ರಲ್ಲೂ, ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಪೆಟ್ಟಿಗೆಗೆ ಒಪ್ಪಿಸಿದ ಮೋಟ್ರಾನಿಕ್ 1979ರಲ್ಲೂ ಯುರೋಪಿನ ಕಾರುಗಳಿಗೆ ಬಂದವು. ನಮ್ಮ ಸಾಮಾನ್ಯ ಕಾರುಗಳಿಗೆ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ನಿಯಂತ್ರಿಸುವ ಇಂಜೆಕ್ಷನ್, ತಲುಪಿದ್ದು 1990ರ ದಶಕದ ಕೊನೆಯಲ್ಲಿ. ಕಂಪ್ಯೂಟರಿನ ಕೈಯಲ್ಲಿ ಎರಡು ಹಿಡಿಗಳಿವೆ: ಗಾಳಿ ಬಿಡುವ ಮೋಟಾರು ನಿಧಾನ, ಕಿಡಿ ತಕ್ಷಣದ್ದು. ಕಂಪನಿಗಳು ಬೇಕೆಂದೇ ಐಡ್ಲಿಂಗ್‌ನ ಕಿಡಿಯನ್ನು ತಡವಾಗಿಟ್ಟು, ಎಸಿ ಹಾಕಿದಾಗ ಸುತ್ತು ಇಳಿದರೆ ಅದನ್ನು ಮುಂಚಿತಗೊಳಿಸಲು ಜಾಗ ಉಳಿಸಿಕೊಳ್ಳುತ್ತವೆ. ಹೊಸ ಟ್ಯೂನರುಗಳು ಗಾಳಿಯ ನಿಯಂತ್ರಣವನ್ನು ಚುರುಕುಗೊಳಿಸಲು ಹೋಗಿ ಹಂಟಿಂಗ್ ತಂದುಕೊಳ್ಳುತ್ತಾರೆ. ಮೊದಲು ಸ್ವಯಂ ತಿದ್ದುಪಡಿಗಳನ್ನೆಲ್ಲ ಬಂದ್ ಮಾಡಿ ಎಂಜಿನ್ ತಾನಾಗಿ ಸಮವಾಗಿ ತಿರುಗುವ ಮಿಶ್ರಣ, ಕಿಡಿ ಹುಡುಕಿ, ಆಮೇಲಷ್ಟೇ ಒಂದೊಂದನ್ನು ಆನ್ ಮಾಡಬೇಕು. ಹಳೆಯ ಮೆಕ್ಯಾನಿಕ್ಕಿನ ಟ್ಯಾಪೆಟ್–ಪಾಯಿಂಟ್–ಸ್ಕ್ರೂ ಕ್ರಮವೇ ಇದು, ಲ್ಯಾಪ್‌ಟಾಪಿನಲ್ಲಿ.

2001ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೆಗಾಸ್ಕ್ವರ್ಟ್, ಅನಂತರದ ಸ್ಪೀಡ್ಯುಯಿನೊ ಇಂಥ ಪೆಟ್ಟಿಗೆಗಳನ್ನು ಹವ್ಯಾಸಿಗಳ ಕೈಗೆ ತಂದವು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಭಾರತದ ಬೈಕುಗಳಿಗೂ ಕಾರುಗಳಿಗೂ ಹೊಂದುವ ದೇಶೀಯ ಪೆಟ್ಟಿಗೆ.

ಕಾನೂನು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ಐಡ್ಲಿಂಗ್‌ಗೆ ಮೊದಲ ಸಲ ಅಂಕಿ ಕಟ್ಟಿತು: ಪೆಟ್ರೋಲ್ ಕಾರಿನ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 3 ಮೀರಬಾರದು, ದ್ವಿಚಕ್ರ ಮತ್ತು ತ್ರಿಚಕ್ರಗಳಲ್ಲಿ ಶೇ. 4.5. ಭಾರತ್ ಸ್ಟೇಜ್ 2ರ ಕಾರಿಗೆ ಅದು ಶೇ. 0.5, ಸ್ಟೇಜ್ 4ಕ್ಕೆ ಶೇ. 0.3. ಹೊಗೆ ತಪಾಸಣೆ ಕೇಂದ್ರದಲ್ಲಿ ಕೊಳವೆ ತೂರಿಸಿ ನೋಡುವುದು ಸ್ಲೋ ಸ್ಪೀಡ್ ಹೊಗೆಯನ್ನೇ. ನಗರಗಳಿಗೂ ಜಿಲ್ಲೆಗಳಿಗೂ ಈ ಹಂತಗಳು ಒಂದೇ ದಿನ ಬರಲಿಲ್ಲ. ಬೆಂಗಳೂರಿಗೆ ಸ್ಟೇಜ್ 4 ಬಂದದ್ದು 2010ರಲ್ಲಿ, ಇಡೀ ದೇಶಕ್ಕೆ 2017ರಲ್ಲಿ. ಹೀಗಾಗಿ ಮಂಡ್ಯದ ಕೆಎ-11, ನಾಗಮಂಗಲದ ಕೆಎ-54 ಸಂಖ್ಯೆ ಹೊತ್ತ ಕಾರುಗಳಲ್ಲಿ ಒಂದೇ ವರ್ಷದ ಎರಡು ಕಾರುಗಳು ಬೇರೆ ಬೇರೆ ಮಿತಿಗೆ ಸೇರಿರಬಹುದು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನುಮತಿಯಿಲ್ಲದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಅರ್ಥೈಸಿತು. ಇಂಧನ ಬದಲಾವಣೆಗೆ, ಉದಾಹರಣೆಗೆ ಅನುಮೋದಿತ ಗ್ಯಾಸ್ ಕಿಟ್‌ಗೆ, ದಾರಿ ಇದೆ. ಗ್ಯಾಸ್ ಹಾಕಿದ ಮಾರುತಿ ಓಮ್ನಿಗೆ ಸ್ಲೋ ಸ್ಪೀಡ್ ಎರಡು ಸಲ ಹೊಂದಿಸಬೇಕು, ಪೆಟ್ರೋಲಿಗೊಮ್ಮೆ, ಗ್ಯಾಸಿಗೊಮ್ಮೆ. ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರಿನ ಐಡ್ಲಿಂಗ್ ಸ್ಕ್ರೂ ಇದಕ್ಕೇ ಇದೆ. ಓವರ್‌ಲ್ಯಾಪ್ ಕ್ಯಾಮ್ ಹಾಕಿದ ಸ್ಟೇಜ್ 4 ಕಾರನ್ನು ಶೇ. 0.3ರೊಳಗೆ ತರುವುದು ಹೆಚ್ಚಿನ ಟ್ಯೂನರುಗಳಿಗೆ ಆಗದ ಮಾತು. ಗಾಢ ಮಿಶ್ರಣವಿಲ್ಲದೆ ಅದು ಐಡ್ಲಿಂಗ್‌ನಲ್ಲಿ ತಿರುಗುವುದಿಲ್ಲ, ಗಾಢ ಮಿಶ್ರಣವಿದ್ದರೆ ಪ್ರಮಾಣಪತ್ರ ಸಿಗುವುದಿಲ್ಲ.