ಓನ್ಲಿ ಬಿಲ್ಟ್ ಫಾರ್ ಕ್ಯೂಬನ್ ಲಿಂಕ್ಸ್, ಭಾಗ 2

ಅಮೆರಿಕದ ರ‍್ಯಾಪರ್ ರೇಕ್ವಾನ್ (ಹುಟ್ಟುಹೆಸರು ಕೋರಿ ವುಡ್ಸ್, ಜನನ 1970) ಅವರ ನಾಲ್ಕನೆಯ ಸ್ಟುಡಿಯೋ ಆಲ್ಬಮ್. 2009ರ ಸೆಪ್ಟೆಂಬರ್ 8ರಂದು ಅವರದೇ ಐಸ್ ಎಚ್‌ಟುಓ ರೆಕಾರ್ಡ್ಸ್ ಸಂಸ್ಥೆ ಇಎಂಐ ಜೊತೆಗೂಡಿ ಹೊರತಂದಿತು. ಅವರದೇ 1995ರ ‘ಓನ್ಲಿ ಬಿಲ್ಟ್ ಫಾರ್ ಕ್ಯೂಬನ್ ಲಿಂಕ್ಸ್’ ಆಲ್ಬಮ್ಮಿನ ಮುಂದುವರಿಕೆ ಇದು.

ಮೊದಲ ಭಾಗದ ಕಥೆ ಎಲ್ಲರಿಗೂ ಗೊತ್ತಿರುವಂಥದು. ರೇಕ್ವಾನ್ ಅವರೂ ಸೇರಿದ, ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ರ‍್ಯಾಪ್ ಬಳಗ ವೂ-ಟ್ಯಾಂಗ್ ಕ್ಲ್ಯಾನ್‌ನ ಆರ್‌ಜೆಡ್‌ಎ ಒಬ್ಬರೇ ಸಂಗೀತ ಕಟ್ಟಿದರು. ಅದೇ ಬಳಗದ ಘೋಸ್ಟ್‌ಫೇಸ್ ಕಿಲ್ಲಾ ಉದ್ದಕ್ಕೂ ಜೊತೆಗಿದ್ದರು. ನೇರಳೆ ಬಣ್ಣದ ಕ್ಯಾಸೆಟ್‌ನಲ್ಲಿ ಬಂದದ್ದರಿಂದ ಕೇಳುಗರು ಅದನ್ನು ‘ಪರ್ಪಲ್ ಟೇಪ್’ ಎಂದೇ ಕರೆಯುತ್ತಾರೆ. ಆನಂತರದ ‘ಇಮ್ಮೊಬಿಲಾರಿಟಿ’ (1999), ‘ದಿ ಲೆಕ್ಸ್ ಡೈಮಂಡ್ ಸ್ಟೋರಿ’ (2003) ಆ ಎತ್ತರ ಮುಟ್ಟಲಿಲ್ಲ.

ಗೊಂದಲವಿರುವುದು ಎರಡನೆಯ ಭಾಗ ತಯಾರಾದ ವರ್ಷಗಳ ಬಗ್ಗೆ. ಆಲ್ಬಮ್ಮಿನ ಸುದ್ದಿ ಮೊದಲು ಹೊರಬಿದ್ದಾಗ ಆರ್‌ಜೆಡ್‌ಎ ಮತ್ತು ರ‍್ಯಾಪರ್ ಬಸ್ಟಾ ರೈಮ್ಸ್ ಉಸ್ತುವಾರಿ ನೋಡಿಕೊಳ್ಳುತ್ತಾರೆಂದು ಹೇಳಲಾಗಿತ್ತು. ಬಸ್ಟಾ ಆಗ ಡಾ. ಡ್ರೇ ಅವರ ಆಫ್ಟರ್‌ಮ್ಯಾತ್ ಸಂಸ್ಥೆಯಲ್ಲಿದ್ದರು. ಆಲ್ಬಮ್ ಅಲ್ಲಿಂದಲೇ ಬರುತ್ತದೆಂಬ ಮಾತು ವರ್ಷಗಟ್ಟಲೆ ಓಡಾಡಿತು, ದಿನಾಂಕಗಳು ಒಂದಾದ ಮೇಲೊಂದು ಮುಂದಕ್ಕೆ ಹೋದವು. ಕೊನೆಗೆ ಆಫ್ಟರ್‌ಮ್ಯಾತ್ ಹೆಸರು ಉಳಿಯಲಿಲ್ಲ. ಡ್ರೇ ಮಾಡಿದ ‘ಕ್ಯಾಟಲೀನಾ’, ‘ಅಬೌಟ್ ಮಿ’ ಹಾಡುಗಳು ಮಾತ್ರ ಉಳಿದವು.

ವಿಳಂಬವನ್ನೆಲ್ಲ ಕಂಪನಿಯ ಲೆಕ್ಕಕ್ಕೆ ಬರೆಯುವ ರೂಢಿಯಿದೆ. ಆದರೆ ಆಲ್ಬಮ್ಮಿನ ಸ್ವರೂಪವನ್ನೇ ಬದಲಿಸಿದ್ದು ಬಳಗದೊಳಗಿನ ಭಿನ್ನಾಭಿಪ್ರಾಯ. 2007ರ ಡಿಸೆಂಬರಿನಲ್ಲಿ ಬಂದ ವೂ-ಟ್ಯಾಂಗ್ ಆಲ್ಬಮ್ ‘8 ಡಯಾಗ್ರಾಮ್ಸ್’ನ ಸಂಗೀತ ಹಿಡಿಸಲಿಲ್ಲವೆಂದು ರೇಕ್ವಾನ್ ಬಹಿರಂಗವಾಗಿಯೇ ಆರ್‌ಜೆಡ್‌ಎ ಮೇಲೆ ಅಸಮಾಧಾನ ತೋಡಿಕೊಂಡರು. ಮೊದಲ ಭಾಗ ಒಬ್ಬರ ಕೈಯಲ್ಲಿ ರೂಪುಗೊಂಡಿದ್ದರೆ, ಎರಡನೆಯದರಲ್ಲಿ ಆರ್‌ಜೆಡ್‌ಎ ಪಾಲಿಗೆ ಬಂದದ್ದು ಬೆರಳೆಣಿಕೆಯ ಹಾಡುಗಳು. ಪೀಟ್ ರಾಕ್, ಮಾರ್ಲಿ ಮಾರ್ಲ್, ಎರಿಕ್ ಸರ್ಮನ್, ದಿ ಆಲ್ಕೆಮಿಸ್ಟ್ ಮುಂತಾದ ಹಲವರು ಕೈಜೋಡಿಸಿದರು. ಇಷ್ಟು ಕೈಗಳ ಕೆಲಸವಾದರೂ ಧ್ವನಿ ಚೆದುರಿಲ್ಲ ಎಂಬುದೇ ಈ ಆಲ್ಬಮ್ಮಿನ ದೊಡ್ಡ ಸಾಧನೆ.

ಇದರಲ್ಲಿ ಡೆಟ್ರಾಯಿಟಿನ ಜೆ ಡಿಲ್ಲಾ ಅವರ ಪಾಲು ಸಿಗಬೇಕಾದಷ್ಟು ಗಮನ ಪಡೆದಿಲ್ಲ. ಅವರು 2006ರ ಫೆಬ್ರವರಿ 10ರಂದು, 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಬೀಟ್‌ಗಳ ಮೇಲೆ ಇಲ್ಲಿನ ಕೆಲವು ಹಾಡುಗಳು ನಿಂತಿವೆ. ‘ಹೌಸ್ ಆಫ್ ಫ್ಲೈಯಿಂಗ್ ಡ್ಯಾಗರ್ಸ್’ನಲ್ಲಿ ಇನ್‌ಸ್ಪೆಕ್ಟಾ ಡೆಕ್, ಘೋಸ್ಟ್‌ಫೇಸ್, ಮೆಥಡ್ ಮ್ಯಾನ್ ರೇಕ್ವಾನ್ ಜೊತೆ ಸೇರುತ್ತಾರೆ, 1990ರ ದಶಕದ ಬಳಗ ಮತ್ತೆ ಒಟ್ಟಾದಂತೆ ಕೇಳಿಸುವ ಆ ಹಾಡಿಗೆ ಸಂಗೀತ ಕೊಟ್ಟವರು ಬಳಗದ ಹೊರಗಿನವರಾದ ಡಿಲ್ಲಾ. ‘ಏಸನ್ ಜೋನ್ಸ್’ 2004ರ ನವೆಂಬರಿನಲ್ಲಿ ತೀರಿಕೊಂಡ ಸಂಗಡಿಗ ಓಲ್ ಡರ್ಟಿ ಬಾಸ್ಟರ್ಡ್ (ರಸಲ್ ಜೋನ್ಸ್) ಅವರಿಗೆ ಸಲ್ಲಿಸಿದ ನಮನ. ಅಗಲಿದ ಗೆಳೆಯನ ನೆನಪು, ಅಗಲಿದ ಇನ್ನೊಬ್ಬ ಕಲಾವಿದನ ಬೀಟ್‌ನ ಮೇಲೆ.

ಎರಡೂ ಭಾಗಗಳ ನಂಟು ಮೊದಲ ಹಾಡಿನಲ್ಲೇ ಗೊತ್ತಾಗುತ್ತದೆ. 1995ರ ಸಿಡಿ ‘ನಾರ್ತ್ ಸ್ಟಾರ್’ನಲ್ಲಿ ಮುಗಿದರೆ, 2009ರದು ‘ರಿಟರ್ನ್ ಆಫ್ ದಿ ನಾರ್ತ್ ಸ್ಟಾರ್’ನಿಂದ ಆರಂಭವಾಗುತ್ತದೆ. ಎರಡರಲ್ಲೂ ಬಳಗದ ಒಡನಾಡಿ ಪಾಪಾ ವೂ ಅವರ ಮಾತಿದೆ.

ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಎರಡೂ 4ನೆಯ ಸ್ಥಾನಕ್ಕೇ ಬಂದವು. ಮೊದಲ ವಾರದ ಮಾರಾಟ ಮಾತ್ರ ಸುಮಾರು 1,30,000ದಿಂದ 68,000ಕ್ಕೆ ಇಳಿದಿತ್ತು. ಆ ಹೊತ್ತಿಗೆ ಸಿಡಿ ಮಾರುಕಟ್ಟೆಯೇ ಕುಸಿದಿತ್ತು. ವಿಮರ್ಶಕರು ಎರಡನೆಯ ಭಾಗವನ್ನು ಮನಸಾರೆ ಮೆಚ್ಚಿದರು. ರೇಕ್ವಾನ್ ಅವರ ಮುಂದಿನ ಆಲ್ಬಮ್ ‘ಶಾವೊಲಿನ್ ವರ್ಸಸ್ ವೂ-ಟ್ಯಾಂಗ್’ (2011) ಆರ್‌ಜೆಡ್‌ಎ ಅವರ ಒಂದು ಬೀಟ್ ಕೂಡ ಇಲ್ಲದೆ ಬಂತು.