'ಅಲ್ಲ' ಎಂದ ನಟ, 'ಹೌದು' ಎಂದ ಲೇಖಕ

1975ರಲ್ಲಿ ಅಮೆರಿಕದಲ್ಲಿ ಒಂದು ಆತ್ಮಕಥೆ ಪ್ರಕಟವಾಯಿತು. ಹೆಸರು 'ಐ ಆ್ಯಮ್ ನಾಟ್ ಸ್ಪಾಕ್'. ಅಂದರೆ, 'ನಾನು ಸ್ಪಾಕ್ ಅಲ್ಲ'. ಇಪ್ಪತ್ತು ವರ್ಷಗಳ ಬಳಿಕ, 1995ರಲ್ಲಿ, ಅದೇ ಲೇಖಕರು ಮತ್ತೊಂದು ಆತ್ಮಕಥೆ ಬರೆದರು. ಈ ಬಾರಿಯ ಹೆಸರು 'ಐ ಆ್ಯಮ್ ಸ್ಪಾಕ್'. ಒಂದು 'ಅಲ್ಲ' ಕಳಚಿ ಬೀಳಲು ಎರಡು ದಶಕ ಬೇಕಾಯಿತು!

ಈ ಲೇಖಕ ಕಿರುತೆರೆ ನಟ ಲಿಯೊನಾರ್ಡ್ ನಿಮಾಯ್. 1931ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದ ಅವರ ತಂದೆ ತಾಯಿ ಉಕ್ರೇನಿನಿಂದ ವಲಸೆ ಬಂದ ಯಹೂದಿಗಳು. ತಂದೆಯದು ಕ್ಷೌರದಂಗಡಿ. ನಟನಾಗಲು ಕ್ಯಾಲಿಫೋರ್ನಿಯಾಕ್ಕೆ ಹೋದ ಮಗನಿಗೆ ವರ್ಷಗಟ್ಟಲೆ ಸಿಕ್ಕಿದ್ದು ಸಣ್ಣಪುಟ್ಟ ಪಾತ್ರಗಳೇ. ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸಿದ್ದೂ ಉಂಟು.

1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಧಾರಾವಾಹಿ ಅವರ ದೆಸೆ ಬದಲಿಸಿತು. ಚೂಪು ಕಿವಿಯ ಸ್ಪಾಕ್ ಅರ್ಧ ಮನುಷ್ಯ, ಅರ್ಧ ವಲ್ಕನ್ ಎಂಬ ಅನ್ಯಗ್ರಹದವ. ಭಾವನೆಗಳನ್ನು ಅದುಮಿಟ್ಟು ತರ್ಕವನ್ನೇ ನೆಚ್ಚಿಕೊಂಡವ. ಪ್ರೇಕ್ಷಕರ ಸಂಖ್ಯೆ ಸಾಲದೆಂದು 1969ರಲ್ಲಿ ಧಾರಾವಾಹಿ ನಿಂತಿತು. ಆದರೆ ಮರುಪ್ರಸಾರದಲ್ಲಿ ಅದಕ್ಕೆ ಅಪಾರ ಅಭಿಮಾನಿಗಳು ಹುಟ್ಟಿಕೊಂಡರು. ಹೋದಲ್ಲೆಲ್ಲ ಜನರಿಗೆ ಕಂಡದ್ದು ಸ್ಪಾಕ್, ನಿಮಾಯ್ ಅಲ್ಲ.

ಆ ಹೊತ್ತಿಗೆ ಅವರು ತಾವೇ ತೆಗೆದ ಛಾಯಾಚಿತ್ರಗಳೊಡನೆ 'ಯೂ ಆ್ಯಂಡ್ ಐ' (1973) ಎಂಬ ಕವನ ಸಂಕಲನ ತಂದಿದ್ದರು. ಅದರ ಬೆನ್ನಿಗೇ ಬಂದದ್ದು ಆ 'ಅಲ್ಲ'ದ ಆತ್ಮಕಥೆ. ಅದರೊಳಗೆ ನಟನೂ ಪಾತ್ರವೂ ಪರಸ್ಪರ ಮಾತಾಡಿಕೊಳ್ಳುತ್ತಾರೆ. ಅಲ್ಲಿರುವುದು ದ್ವೇಷವಲ್ಲ, ಅಕ್ಕರೆ. ಆದರೆ ಹೊದಿಕೆಯ ಮೇಲಿನ ಹೆಸರೇ ಅಭಿಮಾನಿಗಳನ್ನು ಕೆರಳಿಸಿತು. ತಮ್ಮ ಪ್ರೀತಿಯ ಪಾತ್ರವನ್ನು ನಟನೇ ನಿರಾಕರಿಸಿದನೆಂದು ಅವರು ಮುನಿದರು. ಆ ಹೆಸರು ಇಟ್ಟದ್ದು ತಪ್ಪಾಯಿತೆಂದು ನಿಮಾಯ್ ಎರಡನೆಯ ಆತ್ಮಕಥೆಯಲ್ಲಿ ಒಪ್ಪಿಕೊಂಡರು.

ಹಾಗಾದರೆ ನಟ ಪಾತ್ರಕ್ಕೆ ಸೋತನೇ? ಉತ್ತರ ಸ್ಪಾಕ್‌ನ ಕೈಯಲ್ಲೇ ಇದೆ. ಅಂಗೈ ಎತ್ತಿ, ನಡುಬೆರಳು ಮತ್ತು ಉಂಗುರ ಬೆರಳಿನ ಮಧ್ಯೆ ಸಂದು ಬಿಟ್ಟು ಮಾಡುವ ವಲ್ಕನ್ ವಂದನೆ ಚಿತ್ರಕಥೆಗಾರರ ಕಲ್ಪನೆಯಲ್ಲ. ಬಾಲ್ಯದಲ್ಲಿ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ನೋಡಬಾರದೆಂದರೂ ಕದ್ದು ನೋಡಿದ ಪುರೋಹಿತರ ಆಶೀರ್ವಾದ ಮುದ್ರೆಯನ್ನು ನಿಮಾಯ್ ನೆನಪಿಟ್ಟು, 1967ರ ಕಂತೊಂದರಲ್ಲಿ ಬಳಕೆಗೆ ತಂದರು.

2015ರ ಫೆಬ್ರುವರಿ 27ರಂದು, 83ನೇ ವಯಸ್ಸಿನಲ್ಲಿ ನಿಮಾಯ್ ತೀರಿಕೊಂಡಾಗ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಸಂತಾಪ ಸೂಚಿಸಿ, ಹಿಂದೆ ಅವರನ್ನು ಭೇಟಿಯಾದಾಗ ತಾವು ವಲ್ಕನ್ ವಂದನೆ ಸಲ್ಲಿಸಿದ್ದನ್ನು ನೆನೆದರು. ಒಬಾಮ ವಂದಿಸಿದ್ದು ಸ್ಪಾಕ್‌ಗೆ ಇರಬಹುದು. ಆ ವಂದನೆ ಮಾತ್ರ ಬಾಸ್ಟನ್ನಿನ ಕ್ಷೌರಿಕನ ಮಗನದು.